ಕೀಲು ಹೊಸದು, ಸ್ನಾಯು ಹಳೆಯದು

ಭುಜದ ಕೀಲು ಬದಲಿಸಿಕೊಂಡವರು ಎರಡು ಮೂರು ತಿಂಗಳು ಕಳೆದ ಮೇಲೆ ವೈದ್ಯರೆದುರು ಕೂತು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ನೋವೇನೋ ಹೋಯ್ತು ಡಾಕ್ಟ್ರೇ, ಆದರೆ ಕೈಗೆ ಶಕ್ತಿನೇ ಬಂದಿಲ್ಲ.’ ಆ ಮಗ್ಗುಲಿಗೆ ಹೊರಳಲಾಗದೆ ವರ್ಷಗಟ್ಟಲೆ ಒದ್ದಾಡಿದವರಿಗೆ ಈಗ ರಾತ್ರಿ ನಿದ್ದೆ ಬರುತ್ತಿರುತ್ತದೆ. ಎಕ್ಸ್‌ರೇಯಲ್ಲಿ ಲೋಹದ ಕೀಲು ಅಚ್ಚುಕಟ್ಟಾಗಿ ಕೂತಿರುತ್ತದೆ. ಆದರೂ ಅಡುಗೆಮನೆಯ ಮೇಲಿನ ಹಲಗೆಯಿಂದ ಸಕ್ಕರೆ ಡಬ್ಬ ಇಳಿಸುವಾಗ ಕೈ ನಡುಗುತ್ತದೆ. ತಲೆ ಬಾಚಲು ಎತ್ತಿದ ಕೈ ಅರ್ಧಕ್ಕೇ ಸೋತು ಇಳಿಯುತ್ತದೆ. ಆಪರೇಷನ್ ಫೇಲಾಯಿತೇನೋ ಎಂಬ ಅನುಮಾನ ಮನೆಯವರಲ್ಲಿ ಹುಟ್ಟುವುದು ಆಗಲೇ.

ಬಹುಪಾಲು ಸಂದರ್ಭಗಳಲ್ಲಿ ಫೇಲಾಗಿರುವುದಿಲ್ಲ. ಸವೆದ ಮೂಳೆಗೆ ಮೂಳೆ ಉಜ್ಜಿ ಹುಟ್ಟುತ್ತಿದ್ದ ನೋವನ್ನು ಶಸ್ತ್ರಚಿಕಿತ್ಸಕರು ಒಂದೆರಡು ಗಂಟೆಗಳಲ್ಲಿ ತೆಗೆದುಹಾಕಬಲ್ಲರು. ಬಲವನ್ನು ಮಾತ್ರ ಅವರು ಕೂರಿಸಲಾರರು. ನೋವಿನ ಭಯಕ್ಕೆ ಕೈಯನ್ನು ಮೈಗೆ ಅಂಟಿಸಿಕೊಂಡೇ ಕಳೆದ ವರ್ಷಗಳಲ್ಲಿ ಸ್ನಾಯುಗಳು ಸೊರಗಿರುತ್ತವೆ. ಹೊಸ ಕೀಲನ್ನು ಎಳೆದಾಡಿಸಬೇಕಾದವು ಆ ಹಳೆಯ ಸ್ನಾಯುಗಳೇ. ಅವುಗಳಲ್ಲಿ ಕೆಲವನ್ನು ಆಪರೇಷನ್ ವೇಳೆ ಕತ್ತರಿಸಿ ಮತ್ತೆ ಹೊಲಿದಿರುತ್ತಾರೆ ಬೇರೆ. ಹಾಗಾಗಿ ‘ಬಲ ಯಾವಾಗ ಬರುತ್ತದೆ’ ಎಂದು ಕೇಳುವ ಮೊದಲು ‘ಯಾವ ಸ್ನಾಯುವಿನ ಬಲ’ ಎಂದು ಕೇಳಿಕೊಳ್ಳಬೇಕು. ಈ ವಿಷಯದಲ್ಲಿ ಆಗುವ ಗೊಂದಲದ ಮುಕ್ಕಾಲು ಪಾಲು ಆ ಪ್ರಶ್ನೆ ಕೇಳದೇ ಇರುವುದರಿಂದಲೇ ಆಗುತ್ತದೆ ಎಂಬುದು ನನ್ನ ತಿಳಿವಳಿಕೆ.

ಸೊಂಟದ ಕೀಲಿನ ಗುಂಡು ಆಳವಾದ ಗುಳಿಯೊಳಗೆ ಕೂತಿರುತ್ತದೆ. ಮೂಳೆಯೇ ಅದನ್ನು ಹಿಡಿದಿಡುತ್ತದೆ. ಭುಜಕ್ಕೆ ಆ ಭಾಗ್ಯವಿಲ್ಲ. ತೋಳಿನ ಮೂಳೆಯ ದೊಡ್ಡ ಗುಂಡು ಹೆಗಲ ಹಲಗೆಯ ಅಂಚಿನಲ್ಲಿರುವ, ಆಳವೇ ಇಲ್ಲದ ಪುಟ್ಟ ತಟ್ಟೆಗೆ ಒರಗಿಕೊಂಡಿರುತ್ತದೆ. ಅದು ಜಾರದಂತೆ ತಟ್ಟೆಗೆ ಒತ್ತಿ ಹಿಡಿಯುವುದು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ಗುಂಪು: ಮೇಲಿನಿಂದ ಸುಪ್ರಾಸ್ಪೈನೇಟಸ್, ಹಿಂದಿನಿಂದ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೀಸ್ ಮೈನರ್, ಮುಂದಿನಿಂದ ಸಬ್‌ಸ್ಕ್ಯಾಪ್ಯುಲಾರಿಸ್. ಇವುಗಳ ಮೇಲೆ ಹೊದಿಕೆಯಂತಿರುವ ದಪ್ಪ ಸ್ನಾಯು ಡೆಲ್ಟಾಯ್ಡ್. ರಟ್ಟೆಯಲ್ಲಿ ಬಲವಿದೆ ಎಂದು ನಾವು ತಟ್ಟಿ ತೋರಿಸುವ ಜಾಗಕ್ಕಿಂತ ತುಸು ಮೇಲಿರುವುದು ಅದು. ಕಫ್ ಗುಂಡನ್ನು ಹಿಡಿದುಕೊಂಡರೆ ಡೆಲ್ಟಾಯ್ಡ್ ಕೈ ಎತ್ತುತ್ತದೆ. ಕಫ್ ಬಹುಪಾಲು ಹರಿದರೆ ಗುಂಡು ಮೇಲಕ್ಕೆ ಜಾರಿ, ಡೆಲ್ಟಾಯ್ಡ್ ಎಷ್ಟು ಎಳೆದರೂ ಹೆಗಲು ಮಾತ್ರ ಕಿವಿಯತ್ತ ಏರುತ್ತದೆ, ಕೈ ಏಳುವುದಿಲ್ಲ.

ಈ ಚಿಕಿತ್ಸೆಯ ಚರಿತ್ರೆಯಲ್ಲೂ ಸ್ನಾಯುವಿನ ಪ್ರಶ್ನೆಯೇ ಮತ್ತೆ ಮತ್ತೆ ತಲೆ ಎತ್ತಿದೆ. 1893ರಲ್ಲಿ ಪ್ಯಾರಿಸ್‌ನ ಜೂಲ್ ಎಮಿಲ್ ಪೇಯಾಂ ಎಂಬ ಶಸ್ತ್ರಚಿಕಿತ್ಸಕ, ಕ್ಷಯದಿಂದ ಭುಜ ಕೊಳೆತಿದ್ದ ಬೇಕರಿ ಕೆಲಸಗಾರನೊಬ್ಬನಿಗೆ ಪ್ಲಾಟಿನಂ ಮತ್ತು ರಬ್ಬರಿನ ಕೃತಕ ಕೀಲು ಹಾಕಿದ. ಸೋಂಕಿನಿಂದಾಗಿ ಸುಮಾರು ಎರಡು ವರ್ಷದಲ್ಲಿ ಅದನ್ನು ತೆಗೆಯಬೇಕಾಯಿತು. 1950ರ ದಶಕದಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಲೋಹದ ಗುಂಡು ಬಳಸತೊಡಗಿದ ಮೇಲೆ ಈ ಶಸ್ತ್ರಚಿಕಿತ್ಸೆಗೆ ಇಂದಿನ ರೂಪ ಬಂತು. ನೀರ್ ಅವರ ದೊಡ್ಡತನ ಕೀಲಿನ ವಿನ್ಯಾಸದಲ್ಲಷ್ಟೇ ಇಲ್ಲ. ಆಪರೇಷನ್ ನಂತರದ ವ್ಯಾಯಾಮಕ್ಕೆ ಅವರು ಅಷ್ಟೇ ತೂಕ ಕೊಟ್ಟರು. 1975ರಲ್ಲಿ ಹ್ಯೂಸ್ ಎಂಬವರ ಜೊತೆಗೂಡಿ ಅದರ ಬಗ್ಗೆಯೇ ಪ್ರತ್ಯೇಕ ಲೇಖನ ಬರೆದರು. ಮೊದಲು ಇನ್ನೊಬ್ಬರು ಕೈ ಎತ್ತಿಸುವುದು, ಆಮೇಲೆ ತಾನೇ ಎತ್ತುವುದು, ಕೊನೆಗೆ ಭಾರದ ವಿರುದ್ಧ ಎತ್ತುವುದು ಎಂಬ ಮೂರು ಮೆಟ್ಟಿಲ ಕ್ರಮ ಇಂದಿಗೂ ಫಿಸಿಯೋಥೆರಪಿಸ್ಟರ ಕೈಪಿಡಿಗಳ ಬೆನ್ನೆಲುಬು. ಮುಂದಕ್ಕೆ ಬಾಗಿ ಕೈಯನ್ನು ಲೋಲಕದಂತೆ ತೂಗಾಡಿಸುವ ವ್ಯಾಯಾಮವಂತೂ ಇನ್ನೂ ಹಳೆಯದು. ಬೋಸ್ಟನ್ನಿನ ಕಾಡ್‌ಮನ್ 1934ರಲ್ಲಿ ಭುಜದ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದವರು. ಈ ವ್ಯಾಯಾಮಕ್ಕೆ ಇಂದಿಗೂ ಅವರದೇ ಹೆಸರು.

ಇಂದು ಮಾಡುವುದು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸಹಜ ರಚನೆಯ ಮಾಮೂಲಿ ಕೀಲು: ಗುಂಡಿನ ಜಾಗಕ್ಕೆ ಗುಂಡು, ತಟ್ಟೆಯ ಜಾಗಕ್ಕೆ ತಟ್ಟೆ. ಕಫ್ ಗಟ್ಟಿಯಾಗಿದ್ದು ಕೀಲಷ್ಟೇ ಸವೆದವರಿಗೆ ಇದು ಹೇಳಿಮಾಡಿಸಿದ್ದು. ಇದರಲ್ಲಿ ಕೀಲಿನೊಳಗೆ ಹೋಗುವ ದಾರಿಗೆ ಅಡ್ಡ ನಿಂತಿರುವುದು ಸಬ್‌ಸ್ಕ್ಯಾಪ್ಯುಲಾರಿಸ್. ಕೆಲವರು ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವನ್ನು ಅಡ್ಡ ಕತ್ತರಿಸುತ್ತಾರೆ, ಕೆಲವರು ಮೂಳೆಯಿಂದ ಸುಲಿಯುತ್ತಾರೆ, ಇನ್ನು ಕೆಲವರು ಅದು ಅಂಟಿಕೊಂಡ ಮೂಳೆಯ ಚೂರಿನ ಸಮೇತ ಎಬ್ಬಿಸುತ್ತಾರೆ. ಕೆಲಸ ಮುಗಿದ ಮೇಲೆ ಮತ್ತೆ ಹೊಲಿಯುತ್ತಾರೆ. ಮೂರರಲ್ಲಿ ಯಾವುದು ಮೇಲು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ರೋಗಿಯ ಪಾಲಿಗೆ ಮುಖ್ಯವಾದದ್ದು ಆ ಹೊಲಿಗೆ ಕೂಡಿಕೊಳ್ಳುವವರೆಗೆ ಅದನ್ನು ಕಾಯುವುದು. ರಜ್ಜು ಮೂಳೆಗೆ ಹಿಡಿತ ಸಾಧಿಸಲು ಸುಮಾರು 6 ವಾರ ಬೇಕು. ಭಾರ ತಡೆಯುವಷ್ಟು ಗಟ್ಟಿಯಾಗಲು 12 ವಾರ. ಒಳಗಿನ ನಾರುಗಳು ಪೂರ್ತಿ ಹದಗೊಳ್ಳಲು ತಿಂಗಳುಗಟ್ಟಲೆ. ಮೊದಲ ವಾರಗಳಲ್ಲಿ ಕೈಯನ್ನು ಹೊರಕ್ಕೆ ಹೆಚ್ಚು ತಿರುಗಿಸಬೇಡಿ, ಒಳಕ್ಕೆ ಬಲವಾಗಿ ಎಳೆಯಬೇಡಿ ಎಂದು ಹೇಳುವುದು ಇದಕ್ಕೇ. ಬಾಗಿಲನ್ನು ದಬ್ಬಿ ಮುಚ್ಚುವುದು, ಬಸ್ಸಿನಲ್ಲಿ ಕಂಬಿ ಹಿಡಿದು ಜೋತಾಡುವುದು, ಕುರ್ಚಿಯಿಂದ ಏಳುವಾಗ ಆ ಕೈಯನ್ನು ಊರುವುದು, ಇವೆಲ್ಲ ಆ ಹೊಲಿಗೆಯನ್ನು ಎಳೆಯುತ್ತವೆ. ನೆಲದ ಮೇಲೆ ಕೂತು ಏಳುವ ರೂಢಿಯ ನಮ್ಮ ಹಿರಿಯರಿಗೆ ಈ ಕೊನೆಯ ಎಚ್ಚರಿಕೆಯನ್ನು ಎರಡು ಸಲ ಹೇಳಬೇಕು. ಅಭ್ಯಾಸಬಲದಿಂದ ಅವರ ಕೈ ತಾನಾಗಿಯೇ ನೆಲಕ್ಕೆ ಹೋಗುತ್ತದೆ.

ಈ ಸ್ನಾಯು ಕೂಡಿಕೊಂಡಿದೆಯೇ ಎಂದು ನೋಡಲು ವೈದ್ಯರು ಮಾಡುವ ಸರಳ ಪರೀಕ್ಷೆಯೊಂದಿದೆ. ಅಂಗೈಯನ್ನು ಹೊಟ್ಟೆಯ ಮೇಲಿಟ್ಟು, ಮಣಿಕಟ್ಟು ಬಾಗದಂತೆ, ಮೊಣಕೈ ಮುಂದಕ್ಕೇ ಇರುವಂತೆ ಒತ್ತಲು ಹೇಳುತ್ತಾರೆ. ಸಬ್‌ಸ್ಕ್ಯಾಪ್ಯುಲಾರಿಸ್ ದುರ್ಬಲವಾಗಿದ್ದರೆ ಒತ್ತುವಾಗ ಮೊಣಕೈ ಹಿಂದಕ್ಕೆ ಸರಿದುಬಿಡುತ್ತದೆ, ಮಣಿಕಟ್ಟು ಮಡಚಿಕೊಳ್ಳುತ್ತದೆ. ನೋವಿಲ್ಲದೆ ಓಡಾಡುತ್ತಿರುವ ಎಷ್ಟೋ ಜನರಲ್ಲೂ ಈ ದೌರ್ಬಲ್ಯ ತಕ್ಕಮಟ್ಟಿಗೆ ಉಳಿದಿರುತ್ತದೆ. ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಳ್ಳುವಾಗ, ರವಿಕೆ ಸರಿಮಾಡಿಕೊಳ್ಳುವಾಗ ಅದು ಗೊತ್ತಾಗುತ್ತದೆ.

ಎರಡನೆಯ ಬಗೆ ರಿವರ್ಸ್. ಹೆಸರೇ ಹೇಳುವಂತೆ ಇದರಲ್ಲಿ ಗುಂಡು ಹೆಗಲ ಹಲಗೆಯ ಕಡೆಗೆ ಹೋಗುತ್ತದೆ, ಬಟ್ಟಲು ತೋಳಿನ ಮೂಳೆಯ ಕಡೆಗೆ ಬರುತ್ತದೆ. 1970ರ ದಶಕದಲ್ಲಿ ಹಲವರು ಈ ಬಗೆಯ ಕೀಲು ಮಾಡಿ ಸೋತಿದ್ದರು; ಹೆಗಲ ಹಲಗೆಗೆ ಕೂರಿಸಿದ ಭಾಗ ಸಡಿಲವಾಗಿ ಕಿತ್ತುಬರುತ್ತಿತ್ತು. ಫ್ರಾನ್ಸಿನ ದಿಜೋಂ ನಗರದ ಪಾಲ್ ಗ್ರಾಮಾಂ 1985ರಲ್ಲಿ ತಂದ ವಿನ್ಯಾಸ ಪರಿಸ್ಥಿತಿಯನ್ನೇ ಬದಲಿಸಿತು. ಕೀಲು ತಿರುಗುವ ಕೇಂದ್ರವನ್ನು ಅವರು ಒಳಕ್ಕೆ, ಮೂಳೆಯ ಹತ್ತಿರಕ್ಕೆ ಸರಿಸಿದರು. ತೋಳನ್ನು ತುಸು ಕೆಳಕ್ಕೆ ಇಳಿಸಿದರು. ಇದರಿಂದ ಡೆಲ್ಟಾಯ್ಡ್ ಬಿಗಿದು ನಿಂತಿತು, ಅದರ ಸನ್ನೆಗೋಲು ಉದ್ದವಾಯಿತು. ಕಫ್ ಹರಿದು ಹೋಗಿದ್ದರೂ ಡೆಲ್ಟಾಯ್ಡ್ ಒಂದರಿಂದಲೇ ಕೈ ತಲೆಯವರೆಗೆ ಏರತೊಡಗಿತು. ಅಮೆರಿಕದಲ್ಲಿ ಇದಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. ಬಿದ್ದು ತೋಳಿನ ಮೂಳೆಯ ತಲೆ ನುಚ್ಚಾದ ವೃದ್ಧರಿಗೆ, ಕಫ್ ಹರಿದು ಕೀಲೂ ಸವೆದವರಿಗೆ ಇಂದು ಹೆಚ್ಚಾಗಿ ಮಾಡುವುದು ಇದನ್ನೇ.

ಹೀಗೆ ಕೆಲಸ ಒಂದು ಸ್ನಾಯುವಿನಿಂದ ಇನ್ನೊಂದಕ್ಕೆ ವರ್ಗವಾದ ಮೇಲೆ ವ್ಯಾಯಾಮದ ಗುರಿಯೂ ಬದಲಾಗಲೇಬೇಕು. ಮಾಮೂಲಿ ಕೀಲಿನಲ್ಲಿ ಕಫ್ಫನ್ನು ಕಾಪಾಡಿ ಬೆಳೆಸಬೇಕು. ರಿವರ್ಸ್‌ನಲ್ಲಿ ಡೆಲ್ಟಾಯ್ಡಿಗೆ ಹೊಸ ಕೆಲಸ ಕಲಿಸಬೇಕು. ಕಲಿಸುವುದು ಎಂದದ್ದು ಸುಮ್ಮನೆ ಅಲ್ಲ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲ ಸ್ನಾಯು ದಪ್ಪವಾಗಿ ಬಂದದ್ದಲ್ಲ. ಮಿದುಳು ಹೆಚ್ಚು ನಾರುಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುವುದನ್ನು ಕಲಿತದ್ದರಿಂದ ಬಂದದ್ದು. ಸ್ನಾಯು ನಿಜಕ್ಕೂ ತುಂಬಿಕೊಳ್ಳುವುದು ತಿಂಗಳುಗಳ ಮಾತು.

ಆ ಕಲಿಕೆ ಹೇಗಿರುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಭುಜತಜ್ಞರು ರೂಢಿಗೆ ತಂದ ಕ್ರಮವನ್ನು ನೋಡಬಹುದು. ಅವರು ಅದನ್ನು ಹೊಲಿಯಲಾಗದಷ್ಟು ಕಫ್ ಹರಿದವರಿಗಾಗಿ ರೂಪಿಸಿದ್ದರು. ಈಗ ರಿವರ್ಸ್ ಆದವರಿಗೂ ಅದರ ತತ್ವ ಅನ್ವಯವಾಗುತ್ತದೆ. ರೋಗಿ ಬೆನ್ನ ಮೇಲೆ ಮಲಗುತ್ತಾರೆ. ಚೆನ್ನಾಗಿರುವ ಕೈಯಿಂದ ಇನ್ನೊಂದು ಕೈಯನ್ನು ಹಿಡಿದು ಮೇಲ್ಛಾವಣಿಯ ಕಡೆ ನೆಟ್ಟಗೆ ನಿಲ್ಲಿಸುತ್ತಾರೆ. ಆ ನೇರದಲ್ಲಿ ಕೈಯ ಭಾರ ಕೀಲಿನ ಮೇಲೇ ಬೀಳುವುದರಿಂದ ಸ್ನಾಯು ಎತ್ತಬೇಕಾದದ್ದು ಹೆಚ್ಚೇನಿಲ್ಲ. ಬೆಂಬಲದ ಕೈಯನ್ನು ಮೆಲ್ಲಗೆ ಬಿಟ್ಟು ಹಾಗೇ ನಿಲ್ಲಿಸಿ ಹಿಡಿಯುವುದು ಮೊದಲ ಪಾಠ. ನಂತರ ಹಿಂದೆ ಮುಂದೆ ಸಣ್ಣಗೆ ಆಡಿಸುವುದು. ಆ ಓಲಾಟವನ್ನು ದಿನೇ ದಿನೇ ಹಿಗ್ಗಿಸುವುದು. ಅದು ಸಲೀಸಾದ ಮೇಲೆ ಕೈಯಲ್ಲಿ ಹಗುರ ತೂಕ. ಆಮೇಲೆ ಬೆನ್ನಿನ ಹಿಂದೆ ದಿಂಬು ಜೋಡಿಸುತ್ತಾ ಅರೆ ಕೂತ ಭಂಗಿ, ಕೊನೆಗೆ ಕೂತು, ನಿಂತು ಎತ್ತುವುದು. ನಿಂತಲ್ಲೇ ಮೊದಲ ದಿನವೇ ಕೈ ಎತ್ತಲು ಹೋದವರು ಹೆಗಲು ಕುಣಿಸುವುದನ್ನಷ್ಟೇ ಕಲಿಯುತ್ತಾರೆ. ಒಮ್ಮೆ ಅಂಟಿದ ಆ ತಪ್ಪು ಅಭ್ಯಾಸ ಬಿಡಿಸುವುದು ಕಷ್ಟ. ಕನ್ನಡಿಯ ಮುಂದೆ ಮಾಡಿ ಎಂದು ಒಳ್ಳೆಯ ಫಿಸಿಯೋಥೆರಪಿಸ್ಟ್ ಒತ್ತಾಯಿಸುವುದು ಅದಕ್ಕಾಗಿ. ಜೊತೆಗೆ ಹೆಗಲ ಹಲಗೆಯನ್ನು ಹಿಡಿದಿಡುವ ಟ್ರಪೀಜಿಯಸ್, ಸೆರೇಟಸ್ ಸ್ನಾಯುಗಳಿಗೂ ಕೆಲಸ ಕೊಡಬೇಕು. ಹಲಗೆ ಅಲ್ಲಾಡುತ್ತಿದ್ದರೆ ಅದರ ಮೇಲೆ ನಿಂತ ಡೆಲ್ಟಾಯ್ಡ್ ಎಷ್ಟು ಬಲಿಷ್ಠವಾಗಿದ್ದರೂ ಪ್ರಯೋಜನವಿಲ್ಲ.

ರಿವರ್ಸ್‌ಗೆ ಅದರದೇ ಅಪಾಯಗಳಿವೆ. ಕೈಯನ್ನು ಹಿಂದಕ್ಕೆ ಒಯ್ದು, ಮೈಗೆ ಒತ್ತಿ, ಒಳಕ್ಕೆ ತಿರುಗಿಸುವ ಭಂಗಿಯಲ್ಲಿ ಕೀಲು ಜಾರುವ ಸಂಭವವಿದೆ. ಬೆನ್ನ ಹಿಂದೆ ಕೈ ಹಾಕುವಾಗ ಆಗುವುದು ಅದೇ. ಸಾಮಾನ್ಯವಾಗಿ 12 ವಾರ ಅದನ್ನು ನಿಷೇಧಿಸುತ್ತಾರೆ. ಇನ್ನೊಂದು, ಬಿಗಿದ ಡೆಲ್ಟಾಯ್ಡಿನ ಎಳೆತವನ್ನೆಲ್ಲ ಹೆಗಲಿನ ತುದಿಯ ಮೂಳೆ ತಾಳಿಕೊಳ್ಳಬೇಕು. ಮೂಳೆ ಟೊಳ್ಳಾದ ವೃದ್ಧೆಯರಲ್ಲಿ, ಉತ್ಸಾಹದಿಂದ ಬೇಗ ಭಾರ ಎತ್ತಿಸಿದರೆ, ಅಲ್ಲಿ ಬಿರುಕು ಬಿಡಬಹುದು. ಚೆನ್ನಾಗಿ ಏಳುತ್ತಿದ್ದ ಕೈ ಇದ್ದಕ್ಕಿದ್ದಂತೆ ಸೋತು, ಹೆಗಲ ತುದಿಯನ್ನು ಮುಟ್ಟಿದರೆ ನೋವಾದರೆ ವ್ಯಾಯಾಮ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಸಹಿಸಿಕೊಂಡು ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆ ಇಲ್ಲಿ ಕೆಡುಕು ಮಾಡುತ್ತದೆ.

ನಮ್ಮ ದೇಶದಲ್ಲಿ ಆಪರೇಷನ್‌ಗೆ ಮೊದಲೇ ಬಾಯಿಬಿಟ್ಟು ಮಾತಾಡಬೇಕಾದ, ಆದರೆ ಸಂಕೋಚದಿಂದ ಯಾರೂ ಮಾತಾಡದ ವಿಷಯವೊಂದಿದೆ. ರಿವರ್ಸ್ ಆದ ಕೈ ಮುಂದಕ್ಕೆ, ಮೇಲಕ್ಕೆ ಚೆನ್ನಾಗಿ ಹೋದರೂ ಹಿಂದಕ್ಕೆ ತಲುಪುವುದರಲ್ಲಿ ಹಲವರಿಗೆ ಕೊರತೆ ಉಳಿಯುತ್ತದೆ. ಎಡ ಭುಜಕ್ಕೆ ರಿವರ್ಸ್ ಆದರೆ ಶೌಚದ ನಂತರ ತೊಳೆದುಕೊಳ್ಳುವುದು ಹೇಗೆ? ಪಾಶ್ಚಾತ್ಯ ಪಠ್ಯಪುಸ್ತಕಗಳಲ್ಲಿ ಇದು ಒಂದು ಸಾಲಿನ ಮಾತು; ನಮ್ಮ ಮನೆಗಳಲ್ಲಿ ಇದು ಮನುಷ್ಯರ ಮರ್ಯಾದೆಯ ಪ್ರಶ್ನೆ. ಕಮೋಡಿಗೆ ನೀರಿನ ಪಿಚಕಾರಿ ಹಾಕಿಸಿಕೊಳ್ಳುವುದು, ಬಲಗೈ ಬಳಸಲು ಮೊದಲೇ ರೂಢಿಮಾಡಿಕೊಳ್ಳುವುದು, ಇವನ್ನು ಆಸ್ಪತ್ರೆಗೆ ಸೇರುವ ಮುನ್ನವೇ ಯೋಚಿಸಬೇಕು.

ವ್ಯಾಯಾಮ ಬೇಗ ಶುರುಮಾಡಬೇಕೇ, ತಡವಾಗಿಯೇ? ತಜ್ಞರಲ್ಲಿ ಅತಿ ಹೆಚ್ಚು ವಾದ ನಡೆದಿರುವುದು ಈ ಪ್ರಶ್ನೆಯ ಮೇಲೆ. ತಡಮಾಡಿದರೆ ಕೀಲು ಬಿಗಿಯುತ್ತದೆ, ಸ್ನಾಯು ಇನ್ನಷ್ಟು ಕರಗುತ್ತದೆ ಎಂಬುದು ಒಂದು ಪಕ್ಷ. ಅವಸರ ಮಾಡಿದರೆ ಹೊಲಿಗೆ ಕಿತ್ತುಬರುತ್ತದೆ ಎಂಬುದು ಇನ್ನೊಂದು. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ರಿವರ್ಸ್ ಆದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗ ಚಲನೆ ಶುರುಮಾಡಿಸಿದರು, ಇನ್ನೊಂದು ಗುಂಪಿನವರ ಕೈಯನ್ನು 6 ವಾರ ಸ್ಲಿಂಗಿನಲ್ಲೇ (ಕುತ್ತಿಗೆಯಿಂದ ತೂಗುಹಾಕುವ ಪಟ್ಟಿಯಲ್ಲೇ) ಇಟ್ಟರು. ವರ್ಷದ ಹೊತ್ತಿಗೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. 2010ರ ಇನ್ನೊಂದು ಅಮೆರಿಕನ್ ಅಧ್ಯಯನ ಮಾಮೂಲಿ ಕೀಲು ಬದಲಾವಣೆಯದು: ಫಿಸಿಯೋಥೆರಪಿ ಕೇಂದ್ರಕ್ಕೆ ಹೋದವರನ್ನೂ, ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲೇ ಮಾಡಿದವರನ್ನೂ ಹೋಲಿಸಿದಾಗ ಮನೆಯಲ್ಲಿ ಮಾಡಿದವರು ಹಿಂದೆ ಬಿದ್ದಿರಲಿಲ್ಲ.

ಇದನ್ನು ‘ವ್ಯಾಯಾಮ ಬೇಕಿಲ್ಲ’ ಎಂದು ಓದಿಕೊಳ್ಳುವುದು ದೊಡ್ಡ ತಪ್ಪು. ಮೊದಲ ಆರು ವಾರದ ತುಸು ಹಿಂದುಮುಂದು ಅಷ್ಟು ನಿರ್ಣಾಯಕವಲ್ಲ ಎಂದಷ್ಟೇ ಇದರ ಅರ್ಥ. ನಿರ್ಣಾಯಕವಾದದ್ದು ಆಮೇಲಿನ ತಿಂಗಳುಗಳು. ಆದರೆ ಎಷ್ಟು ಭಾರ, ವಾರಕ್ಕೆ ಎಷ್ಟು ಸಲ, ಎಷ್ಟು ತಿಂಗಳು ಎಂಬ ಬಗ್ಗೆ ನಡೆದ ಅಧ್ಯಯನಗಳು ಚಲನೆಯ ಕುರಿತ ಅಧ್ಯಯನಗಳಿಗಿಂತ ಬಹಳ ಕಡಿಮೆ. ಫಲಿತಾಂಶ ಅಳೆಯುವ ಮಾಪನದಲ್ಲೂ ಈ ತಾರತಮ್ಯ ಕಾಣುತ್ತದೆ. ಕಾನ್‌ಸ್ಟಂಟ್ ಮತ್ತು ಮರ್ಲಿ 1987ರಲ್ಲಿ ರೂಪಿಸಿದ, ಇಂದಿಗೂ ಚಾಲ್ತಿಯಲ್ಲಿರುವ ಅಂಕಪಟ್ಟಿಯಲ್ಲಿ ಒಟ್ಟು 100 ಅಂಕ. ನೋವಿಗೆ 15, ದಿನನಿತ್ಯದ ಕೆಲಸಕ್ಕೆ 20, ಚಲನೆಗೆ 40, ಬಲಕ್ಕೆ 25. ಬಲದಲ್ಲಿ ಹಿಂದುಳಿದವರೂ ಉಳಿದವುಗಳಲ್ಲಿ ಒಳ್ಳೆಯ ಅಂಕ ಗಳಿಸಿ ‘ಯಶಸ್ವಿ’ ಎನಿಸಿಕೊಳ್ಳಬಹುದು. ಇದರಿಂದಾಗಿ ಬಲದ ಕೊರತೆ ಕಡತದಲ್ಲಿ ಕಾಣದೇ ಹೋಗುತ್ತದೆ, ಮನೆಯಲ್ಲಿ ಮಾತ್ರ ಕಾಣುತ್ತದೆ.

ಸ್ಥೂಲವಾಗಿ ಬಹುತೇಕರು ಒಪ್ಪುವ ಹಾದಿ ಇಷ್ಟು. ಮೊದಲ 6 ವಾರ ಆಪರೇಷನ್ ಆದ ಕೈಯಲ್ಲಿ ಒಂದು ಲೋಟ ಕಾಫಿಗಿಂತ ಭಾರವಾದದ್ದು ಬೇಡ. ಬೆರಳು, ಮಣಿಕಟ್ಟು, ಮೊಣಕೈ ಮಾತ್ರ ಮೊದಲ ದಿನದಿಂದಲೇ ಆಡುತ್ತಿರಲಿ. 6ರಿಂದ 12 ವಾರದವರೆಗೆ ಬೆಂಬಲದೊಡನೆ, ನಂತರ ಬೆಂಬಲವಿಲ್ಲದೆ ಕೈ ಎತ್ತುವುದು. ಕೀಲು ಅಲ್ಲಾಡದಂತೆ ಗೋಡೆಗೆ ಮೆಲ್ಲಗೆ ಒತ್ತಿ ಸ್ನಾಯು ಬಿಗಿಹಿಡಿಯುವುದು. 12 ವಾರದ ನಂತರ ರಬ್ಬರ್ ಪಟ್ಟಿ, ಹಗುರ ತೂಕ. ಭಾರದ ವ್ಯಾಯಾಮದ ಮರುದಿನ ಆ ಸ್ನಾಯುವಿಗೆ ಬಿಡುವು. ವ್ಯಾಯಾಮದ ನಂತರ ತುಸು ಮೈಕೈ ನೋವು ಬಂದು ಮಾರನೇ ದಿನ ಇಳಿದರೆ ಸರಿ. ಇಳಿಯದಿದ್ದರೆ ಭಾರ ಹೆಚ್ಚಾಯಿತು ಎಂದರ್ಥ. ಸುಧಾರಣೆಯ ಹೆಚ್ಚಿನ ಪಾಲು ಮೊದಲ 6 ತಿಂಗಳಲ್ಲಿ ಬರುತ್ತದೆ. ಬಲ ಮಾತ್ರ ಒಂದು ವರ್ಷ, ಕೆಲವರಲ್ಲಿ ಅದಕ್ಕೂ ಮೀರಿ ಏರುತ್ತಿರುತ್ತದೆ. ರಿವರ್ಸ್ ಆದವರಲ್ಲಿ ಇನ್ನೊಂದು ಕೈಯಷ್ಟೇ ಬಲ ಬರುತ್ತದೆಂದು ಭರವಸೆ ಕೊಡುವುದು ನ್ಯಾಯವಲ್ಲ. ಭಾರ ಎತ್ತುವುದಕ್ಕೆ ಜೀವನಪರ್ಯಂತ ಒಂದು ಮಿತಿಯನ್ನು ಬಹಳಷ್ಟು ಶಸ್ತ್ರಚಿಕಿತ್ಸಕರು ಹೇಳುತ್ತಾರೆ.

ಎಲ್ಲ ಸೊರಗಿದ ಸ್ನಾಯುವೂ ಮರಳುವುದಿಲ್ಲ ಎಂಬುದನ್ನೂ ಹೇಳಬೇಕು. ಬಳಸದೆ ತೆಳುವಾದ ಸ್ನಾಯು ಬಳಸಿದರೆ ತುಂಬಿಕೊಳ್ಳುತ್ತದೆ. ಆದರೆ ರಜ್ಜು ಹರಿದು ಬಹಳ ಕಾಲವಾದ ಸ್ನಾಯುವಿನೊಳಗೆ ಕೊಬ್ಬು ಸೇರಿಕೊಳ್ಳುತ್ತದೆ. ಫ್ರಾನ್ಸಿನ ಗೂತಾಲಿಯೇ 1994ರಲ್ಲಿ ಸಿ.ಟಿ. ಸ್ಕ್ಯಾನ್ ಆಧರಿಸಿ ಇದನ್ನು 0ಯಿಂದ 4ರವರೆಗೆ ದರ್ಜೆಮಾಡಿದರು. ಮೇಲಿನ ದರ್ಜೆಗಳಲ್ಲಿ ಆ ಕೊಬ್ಬು ಹಿಂದೆ ಸರಿಯುವುದಿಲ್ಲವೆಂದೇ ಹೇಳಬೇಕು. ಟೆರೀಸ್ ಮೈನರ್ ಹೀಗೆ ಹಾಳಾಗಿದ್ದರೆ ರಿವರ್ಸ್ ನಂತರವೂ ಕೈ ಹೊರಕ್ಕೆ ತಿರುಗುವುದಿಲ್ಲ. ತುತ್ತು ಬಾಯಿಗೆ ಒಯ್ಯುವಾಗ ಮೊಣಕೈಯನ್ನು ಮೇಲಕ್ಕೆತ್ತಬೇಕಾಗುತ್ತದೆ. ಅಂಥವರಿಗೆ ಬೆನ್ನಿನ ಸ್ನಾಯುವನ್ನು ವರ್ಗಾಯಿಸುವ ದಾರಿಯುಂಟು. ಮೂಳೆ ಮುರಿದಾಗ ಮೊದಲು ನಾಟಿ ಕಟ್ಟು ಹಾಕಿಸಿಕೊಂಡು, ಓರೆಯಾಗಿ ಕೂಡಿಕೊಂಡ ಮೇಲೆ ವರ್ಷ ಬಿಟ್ಟು ದೊಡ್ಡಾಸ್ಪತ್ರೆಗೆ ಬರುವುದು ನಮ್ಮಲ್ಲಿ ಅಪರೂಪವಲ್ಲ. ಆ ಹೊತ್ತಿಗೆ ಕಳೆದುಕೊಂಡ ಸ್ನಾಯುವನ್ನು ಯಾವ ಕೀಲೂ ಮರಳಿ ಕೊಡಲಾರದು.

ಬಲ ಬಾರದಿರುವುದಕ್ಕೆ ಬೇರೆ ಕಾರಣಗಳೂ ಇರಬಹುದು. ಕುತ್ತಿಗೆಯ ಬುಡದಲ್ಲಿ ಕೊಡುವ ಅರಿವಳಿಕೆಯಿಂದ ಕೈ ಒಂದು ದಿನದ ಮಟ್ಟಿಗೆ ಜೋತುಬೀಳುವುದು ಸಹಜ. ಅದು ಕಳೆದ ಮೇಲೂ ಡೆಲ್ಟಾಯ್ಡ್ ಒಂಚೂರೂ ಬಿಗಿಯದಿದ್ದರೆ, ಹೆಗಲ ಹೊರಮೈ ಮರಗಟ್ಟಿದ್ದರೆ ಆಕ್ಸಿಲರಿ ನರಕ್ಕೆ ಎಳೆತವಾಗಿರಬಹುದು; ಹೆಚ್ಚಿನವು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತವೆ, ಆದರೆ ವೈದ್ಯರಿಗೆ ಗೊತ್ತಿರಬೇಕು. ಹೋಗಿದ್ದ ನೋವು ಮರಳಿ ಬಂದು, ಕೀಲು ಬಿಗಿದು, ಗಾಯದಿಂದ ನೀರು ಜಿನುಗಿದರೆ ಸೋಂಕಿನ ಅನುಮಾನ ಪಡಬೇಕು. ಭುಜದಲ್ಲಿ ಚರ್ಮದ ಕ್ಯುಟಿಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಾಣು ಜ್ವರವನ್ನೂ ಬರಿಸದೆ ತಿಂಗಳುಗಟ್ಟಲೆ ಒಳಗೇ ಇರಬಲ್ಲದು.

ಊಟದ ಮಾತು ಬಿಡುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಆರೋಗ್ಯವಂತ ವಯಸ್ಕರಿಗೆ ಸೂಚಿಸಿದ ಪ್ರೋಟೀನ್ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ವೃದ್ಧರಿಗೆ 1.2ರಿಂದ 1.5 ಗ್ರಾಂ ಬೇಕೆಂದು ಅಂತರರಾಷ್ಟ್ರೀಯ ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಈ ಲೆಕ್ಕದಲ್ಲಿ 60 ಕಿಲೋ ತೂಗುವ ಅಜ್ಜಿಗೆ ದಿನಕ್ಕೆ ಕನಿಷ್ಠ 72 ಗ್ರಾಂ ಪ್ರೋಟೀನ್ ಬೇಕು. ಆಪರೇಷನ್ ಆದವರಿಗೆ ಪಥ್ಯವೆಂದು ಗಂಜಿ, ತಿಳಿಸಾರು ಅನ್ನ ಕೊಟ್ಟರೆ ಅದರ ಅರ್ಧವೂ ಸಿಗುವುದಿಲ್ಲ. ಹುರುಳಿಕಾಳು, ಗಟ್ಟಿ ಬೇಳೆ, ಮೊಸರು, ಕಡಲೆ, ತಿನ್ನುವವರಿಗೆ ಮೊಟ್ಟೆ ಮೀನು, ಇವು ಮೂರು ಹೊತ್ತಿನ ತಟ್ಟೆಯಲ್ಲೂ ಇರಬೇಕು. ಬೀಡಿ, ಸಿಗರೇಟು ಹೊಲಿದ ರಜ್ಜು ಕೂಡಿಕೊಳ್ಳುವುದನ್ನು ಕೆಡಿಸುತ್ತವೆ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯೂ ಅಷ್ಟೇ.

ನಮ್ಮಲ್ಲಿ ಫಿಸಿಯೋಥೆರಪಿ ನಿಲ್ಲುವುದು ಸಾಮಾನ್ಯವಾಗಿ ನೋವು ನಿಂತಾಗ. ಜಿಲ್ಲೆಯ ಒಳಊರಿನಿಂದ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗೆ ಬಂದು ಆಪರೇಷನ್ ಮಾಡಿಸಿಕೊಂಡವರಿಗೆ ವಾರಕ್ಕೆರಡು ಸಲ ಬಸ್ಸು ಹತ್ತಿ ಬರುವುದು ಆಗದ ಮಾತು. ಊರಿನ ಹತ್ತಿರದ ಫಿಸಿಯೋಥೆರಪಿಸ್ಟ್‌ಗೆ ಇದು ಮಾಮೂಲಿ ಕೀಲೋ ರಿವರ್ಸೋ ಎಂಬುದೇ ತಿಳಿದಿರುವುದಿಲ್ಲ. ಕೈಯಲ್ಲಿರುವ ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿ, ಅದೂ ಸಂಕ್ಷಿಪ್ತಾಕ್ಷರಗಳಲ್ಲಿ ಇರುತ್ತದೆ. ಮನೆಯಲ್ಲೇ ಮಾಡಿದ ವ್ಯಾಯಾಮವೂ ಫಲ ಕೊಡುತ್ತದೆಂದು ಅಧ್ಯಯನ ತೋರಿಸಿರುವಾಗ, ಮನೆಗೆ ಹೋಗುವವರ ಕೈಗೆ ಸರಿಯಾದ ಕಾಗದ ಕೊಡದಿರುವುದಕ್ಕೆ ನೆಪವಿಲ್ಲ. ಹಾಕಿದ ಕೀಲು ಯಾವ ಬಗೆಯದು, ಯಾವ ಸ್ನಾಯುವನ್ನು ಕತ್ತರಿಸಿ ಹೊಲಿದಿದೆ, ಯಾವ ಚಲನೆ ಯಾವ ತಾರೀಖಿನವರೆಗೆ ನಿಷಿದ್ಧ, ಭಾರದ ವ್ಯಾಯಾಮ ಯಾವ ವಾರದಿಂದ ಶುರು: ಇಷ್ಟನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಡಿ ಎಂದು ಶಸ್ತ್ರಚಿಕಿತ್ಸಕರಲ್ಲಿ ನನ್ನ ವಿನಂತಿ. ಆಪರೇಷನ್‌ಗೆ ಹೊರಟಿರುವವರೇ, ನಿಮ್ಮ ಮನೆಯವರೇ, ಆ ಪುಟ ಕೈಗೆ ಬರುವ ತನಕ ಆಸ್ಪತ್ರೆಯಿಂದ ಹೊರಡಬೇಡಿ.